ಉದ್ಯಮದ ಹಂಬಲ: ಹೆಣ್ಣುಮಕ್ಕಳ ಹಿಂಜರಿಕೆಗೆ ಕಾರಣವೇನು?

ಗೊಟಗೋಡಿ (ಹಾವೇರಿ ಜಿಲ್ಲೆ): ಶಿಗ್ಗಾವಿ ತಾಲ್ಲೂಕಿನ ಈ ಗ್ರಾಮವು 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯದ ನೆಲೆ. ಇಲ್ಲಿನ ಉತ್ಸವ ರಾಕ್ ಗಾರ್ಡನ್‌ನಲ್ಲಿ ಉತ್ತರ ಕರ್ನಾಟಕದ ಹಳ್ಳಿ ಬದುಕು ಶಿಲ್ಪಗಳಾಗಿ ನಿಂತಿದೆ. ಆ ಬದುಕಿನಲ್ಲಿ ಹೆಣ್ಣಿನ ದುಡಿಮೆ ಎಲ್ಲೆಡೆಯೂ ಇದೆ. ಆದರೆ ‘ಸ್ವಂತ ಉದ್ಯಮ’ ಎಂದೊಡನೆ ಮೊದಲು ನೆನಪಾಗುವುದು ಗಂಡಸಿನ ಹೆಸರೇ.

ಅಂಕಿಅಂಶಗಳೂ ಇದನ್ನೇ ಹೇಳುತ್ತವೆ. 2013-14ರ ಆರನೇ ಆರ್ಥಿಕ ಗಣತಿಯ ಪ್ರಕಾರ ದೇಶದ ಸುಮಾರು 5.85 ಕೋಟಿ ಉದ್ದಿಮೆಗಳ ಪೈಕಿ ಮಹಿಳೆಯರ ಒಡೆತನದಲ್ಲಿದ್ದವು 80.5 ಲಕ್ಷ, ಅಂದರೆ ಶೇ 13.76 ಮಾತ್ರ. ಅವುಗಳಲ್ಲಿ ಶೇ 83ರಷ್ಟು ಕೂಲಿಯಾಳುಗಳಿಲ್ಲದೆ ನಡೆಯುತ್ತಿದ್ದವು. ಶೇ 79ರಷ್ಟು ಸ್ವಂತ ಹಣವನ್ನೇ ನೆಚ್ಚಿಕೊಂಡಿದ್ದವು.

ಆಸೆ ಕಡಿಮೆಯೇ?

ಮನಶ್ಶಾಸ್ತ್ರಜ್ಞ ಐಸೆಕ್ ಐಜೆನ್ 1991ರಲ್ಲಿ ವಿವರಿಸಿದ ಸಿದ್ಧಾಂತದಂತೆ ಯಾವುದೇ ಕಾರ್ಯದ ಸಂಕಲ್ಪವು ಮೂರು ಅಂಶಗಳನ್ನು ಅವಲಂಬಿಸಿದೆ: ಆ ಕಾರ್ಯದ ಬಗೆಗಿನ ಒಲವು, ಆಪ್ತರ ಸಮ್ಮತಿ ಹಾಗೂ ‘ಇದು ನನ್ನಿಂದ ಸಾಧ್ಯ’ ಎಂಬ ನಂಬಿಕೆ. ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡುವ ಮಹಿಳೆಗೆ ಕೌಶಲದ ಕೊರತೆಯಿಲ್ಲ. ಆದರೆ ಸಾಲದ ಅರ್ಜಿ, ದರ ನಿಗದಿ, ಪೇಟೆಯ ವ್ಯವಹಾರಗಳನ್ನು ಮನೆಯ ಗಂಡಸರೇ ನಿರ್ವಹಿಸುತ್ತ ಬಂದಿದ್ದರೆ ಮೂರನೆಯ ನಂಬಿಕೆ ಬೆಳೆಯುವುದೆಲ್ಲಿ? ‘ಸೋತರೆ ಜನ ಏನಂದಾರು’ ಎಂಬ ಅಳುಕು ಎರಡನೆಯದನ್ನೂ ಕುಗ್ಗಿಸುತ್ತದೆ.

ವಿಲ್ಸನ್, ಕಿಕುಲ್ ಮತ್ತು ಮಾರ್ಲಿನೊ 2007ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನವು ಇದಕ್ಕೆ ಪೂರಕವಾಗಿದೆ. ಹದಿಹರೆಯದಲ್ಲೇ ಹುಡುಗಿಯರ ಉದ್ಯಮ ಸಂಬಂಧಿ ಆತ್ಮವಿಶ್ವಾಸ ಹುಡುಗರಿಗಿಂತ ಕಡಿಮೆಯಿತ್ತು. ಎಂಬಿಎ ಹಂತದಲ್ಲಿ ಉದ್ಯಮಶೀಲತಾ ಶಿಕ್ಷಣದ ಸತ್ಪರಿಣಾಮ ಹೆಣ್ಣುಮಕ್ಕಳ ಮೇಲೆಯೇ ಹೆಚ್ಚಾಗಿತ್ತು. ಅಂದರೆ ಹಿಂಜರಿಕೆ ಹುಟ್ಟುಗುಣವಲ್ಲ.

ಆಸ್ತಿ ಯಾರ ಹೆಸರಿನಲ್ಲಿ?

ಆತ್ಮವಿಶ್ವಾಸದ ಪಾಠವೊಂದೇ ಸಾಲದು. ದೊಡ್ಡ ಸಾಲಕ್ಕೆ ಆಧಾರವಾಗುವ ಹೊಲ, ಮನೆಗಳ ದಾಖಲೆ ಬಹುಪಾಲು ಪುರುಷರ ಹೆಸರಿನಲ್ಲಿರುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಅವಿವಾಹಿತ ಹಿಂದೂ ಹೆಣ್ಣುಮಕ್ಕಳಿಗೆ ಸಮಪಾಲು ನೀಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು. 2005ರ ಕೇಂದ್ರ ತಿದ್ದುಪಡಿ ವಿವಾಹಿತೆಯರಿಗೂ ಆ ಹಕ್ಕನ್ನು ವಿಸ್ತರಿಸಿತು. ಆದರೂ ತವರಿನ ನಂಟು ಕಡಿದೀತೆಂದು ಪಾಲು ಬಿಟ್ಟುಕೊಡುವವರು ಇಂದಿಗೂ ಅನೇಕರು.

ಈ ಅಂತರ ತಗ್ಗಿಸಲೆಂದೇ ಕೆಲವು ಪ್ರಯತ್ನಗಳು ನಡೆದಿವೆ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ‘ಉದ್ಯೋಗಿನಿ’ ಯೋಜನೆ ಬ್ಯಾಂಕ್ ಸಾಲಕ್ಕೆ ಸಹಾಯಧನ ಜೋಡಿಸಿತು. 2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮವು ಗ್ರಾಮೀಣ ಭಾಗದ ಸಾಮಾನ್ಯ ವರ್ಗದ ಪುರುಷರಿಗೆ ಶೇ 25, ಮಹಿಳೆಯರಿಗೆ ಶೇ 35 ಸಹಾಯಧನ ನಿಗದಿಪಡಿಸಿತು. ಬೆಂಗಳೂರಿನಲ್ಲಿ 1983ರಲ್ಲಿ ಜನ್ಮತಾಳಿದ ‘ಅವೇಕ್’ ಸಂಸ್ಥೆಯಲ್ಲಿ ಮಹಿಳಾ ಉದ್ಯಮಿಗಳೇ ಹೊಸಬರಿಗೆ ಮಾರ್ಗದರ್ಶನ ನೀಡುತ್ತ ಬಂದರು.

ಸಹಾಯಧನ ಬಂಡವಾಳವನ್ನು ಹಗುರಗೊಳಿಸೀತು. ಆದರೆ ಸಾಲ ಆಕೆಯ ಹೆಸರಿನಲ್ಲಿ, ವ್ಯಾಪಾರ ಗಂಡನ ಕೈಯಲ್ಲಿ ಎಂದಾದರೆ ಉದ್ದೇಶ ಈಡೇರದು. ಲೆಕ್ಕದ ಪುಸ್ತಕ ಆಕೆಯ ಕೈಗೆ ಬಂದ ದಿನವೇ ಉದ್ಯಮ ನಿಜಕ್ಕೂ ಆಕೆಯದಾಗುತ್ತದೆ.