ಕಡತಗಳಲ್ಲಿ ಹೆಸರು ಬದಲಾವಣೆ: ಗುಂಡಿ ಒತ್ತುವ ಮುನ್ನ ಯೋಚಿಸಿ

ಮಂಡ್ಯ: 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರುಗಳು ಅಧಿಕೃತವಾಗಿ ಬದಲಾದವು. ಇಂಗ್ಲಿಷಿನ ‘ಮೈಸೋರ್’ ‘ಮೈಸೂರು’ ಆಯಿತು, ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ನಾಮಫಲಕದ ಹೆಸರನ್ನು ಅಳಿಸಿ ಬರೆಯುವುದು ಸುಲಭ. ಆದರೆ ಗಣಕಯಂತ್ರದಲ್ಲಿರುವ ನೂರಾರು ಕಡತಗಳ ಗತಿ ಏನು?

ಇದಕ್ಕಾಗಿಯೇ ಇರುವುದು ‘ಹುಡುಕು ಮತ್ತು ಬದಲಿಸು’ ಸೌಲಭ್ಯ. ಒಂದೇ ಆದೇಶಕ್ಕೆ ಎಲ್ಲ ಕಡತಗಳೂ ತಿದ್ದಲ್ಪಡುತ್ತವೆ. ಅಪಾಯವಿರುವುದೂ ಇಲ್ಲಿಯೇ. ಗಣಕಯಂತ್ರ ಅಕ್ಷರಗಳನ್ನು ಹೋಲಿಸುತ್ತದೆಯೇ ಹೊರತು ಅರ್ಥವನ್ನಲ್ಲ.

ಮಂಡ್ಯ ಜಿಲ್ಲೆಯ ಉದಾಹರಣೆ

ಜಿಲ್ಲೆಯ ಇತಿಹಾಸ ಕುರಿತ ಇಂಗ್ಲಿಷ್ ಕಡತಗಳಲ್ಲಿ ‘ಮೈಸೋರ್’ ಎಂದಿರುವುದನ್ನೆಲ್ಲ ‘ಮೈಸೂರು’ ಎಂದು ಬದಲಿಸಿದರೆ ಏನಾದೀತು? ಮಂಡ್ಯದಲ್ಲಿ 1933ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆಯ ಕಂಪನಿ ‘ಮೈಸೋರ್ ಶುಗರ್’. ಮದ್ದೂರಿನ ಬಳಿಯ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹ ನಡೆಸಿದ್ದು ‘ಮೈಸೋರ್ ಕಾಂಗ್ರೆಸ್’. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಸಿದ್ದು ‘ಮೈಸೋರ್’ ಸಂಸ್ಥಾನ. 2014ರಲ್ಲಿ ಬದಲಾದದ್ದು ನಗರದ ಹೆಸರು. ಕಂಪನಿಯದ್ದಲ್ಲ, ಹಳೆಯ ಪಕ್ಷದ್ದಲ್ಲ, ಸಂಸ್ಥಾನದ್ದೂ ಅಲ್ಲ. ಹಳೆಯ ಕಾಗುಣಿತವಿರುವ ಇ-ಮೇಲ್ ಮತ್ತು ಅಂತರ್ಜಾಲ ವಿಳಾಸಗಳನ್ನು ತಿದ್ದಿದರಂತೂ ಅವು ಕೆಲಸವನ್ನೇ ಮಾಡಲಾರವು.

ಉಲ್ಟಾ ಬದಲಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆಯೂ ತಪ್ಪು. ಮೊದಲೇ ‘ಮೈಸೂರು’ ಎಂದಿದ್ದ ಪದ ಯಾವುದು, ಈಗ ಬದಲಾದ ಪದ ಯಾವುದು ಎಂಬ ಗುರುತು ಕಡತದಲ್ಲಿ ಉಳಿದಿರುವುದಿಲ್ಲ.

ಕನ್ನಡದ ತೊಡಕುಗಳು

ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳ ಸಮಸ್ಯೆಯಿದೆ. ‘ಗುಲ್ಬರ್ಗ’ವನ್ನು ‘ಕಲಬುರಗಿ’ ಎಂದು ಬದಲಿಸಿದಾಗ ‘ಗುಲ್ಬರ್ಗದಲ್ಲಿ’ ಎಂಬುದು ‘ಕಲಬುರಗಿದಲ್ಲಿ’ ಎಂದಾಗುತ್ತದೆ, ಆಗಬೇಕಾದದ್ದು ‘ಕಲಬುರಗಿಯಲ್ಲಿ’. ‘ಮದ್ದೂರು’ ಎಂದು ಹುಡುಕಿದರೆ ‘ಮದ್ದೂರಿನ’ ಸಿಗದು. ಆದ್ದರಿಂದ ಪ್ರತಿ ರೂಪವನ್ನೂ ಪ್ರತ್ಯೇಕವಾಗಿ ಹುಡುಕಬೇಕು.

ಹಳೆಯ ನುಡಿ, ಬರಹ ಕಡತಗಳದ್ದು ಇನ್ನೊಂದು ಕಥೆ. ಯೂನಿಕೋಡ್‌ಗೆ ಮುಂಚಿನ ಆ ಕಡತಗಳಲ್ಲಿ ಇರುವುದು ಕನ್ನಡ ಅಕ್ಷರಗಳ ಸಂಕೇತವಲ್ಲ. ಅನ್ಯ ಸಂಕೇತಗಳಿಗೆ ಫಾಂಟ್ ತೊಡಿಸಿದ ಕನ್ನಡದ ರೂಪ. ಅಲ್ಲಿ ಯೂನಿಕೋಡ್ ಪದವನ್ನು ಹುಡುಕಿದರೆ ‘ಇಲ್ಲ’ ಎಂಬ ಉತ್ತರ ಬರುತ್ತದೆ, ಪದ ಕಣ್ಣೆದುರೇ ಇದ್ದರೂ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಅನಿವಾರ್ಯ.

ಸುರಕ್ಷಿತ ಕ್ರಮ ಯಾವುದು?

ಮೊದಲನೆಯದಾಗಿ, ಇಡೀ ಫೋಲ್ಡರಿನ ಪ್ರತಿಯನ್ನು ಬೇರೆ ಡಿಸ್ಕ್‌ನಲ್ಲಿ ಇರಿಸಿ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಂತಹ ತಂತ್ರಾಂಶದಲ್ಲಿ ಫೋಲ್ಡರಿನ ಕಡತಗಳನ್ನೆಲ್ಲ ಒಟ್ಟಿಗೆ ಬದಲಿಸಿದರೆ ತೆರೆಯದೇ ಇರುವ ಕಡತಗಳೂ ನೇರವಾಗಿ ಡಿಸ್ಕ್‌ನಲ್ಲೇ ತಿದ್ದಲ್ಪಡುತ್ತವೆ. ‘ಅನ್‌ಡು’ ಅಲ್ಲಿ ನೆರವಿಗೆ ಬಾರದು.

ಎರಡನೆಯದಾಗಿ, ಬದಲಿಸದೆ ಕೇವಲ ಹುಡುಕಿ. ಪದ ಎಷ್ಟು ಕಡೆ, ಯಾವ ಸಾಲುಗಳಲ್ಲಿದೆ ಎಂಬ ಪಟ್ಟಿಯನ್ನು ಓದಿ, ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಲಿನಕ್ಸ್ ಬಳಸುವವರಿಗೆ ಈ ಕೆಲಸಕ್ಕೆ ‘ಗ್ರೆಪ್’ ಆದೇಶವಿದೆ.

ಮೂರನೆಯದಾಗಿ, ಬದಲಾಗಬಾರದ ಹೆಸರುಗಳನ್ನು ರಕ್ಷಿಸಿ. ‘ಮೈಸೋರ್ ಶುಗರ್’ ಎಂಬುದಕ್ಕೆ ಕಡತಗಳಲ್ಲಿ ಬೇರೆಲ್ಲೂ ಇರದ ತಾತ್ಕಾಲಿಕ ಗುರುತೊಂದನ್ನು ಇಟ್ಟು, ಉಳಿದುದನ್ನು ಬದಲಿಸಿದ ಬಳಿಕ ಮೂಲ ಹೆಸರನ್ನು ಮರಳಿ ತನ್ನಿ.

ನಾಲ್ಕನೆಯದಾಗಿ, ಎರಡು ಮೂರು ಕಡತಗಳ ನಕಲಿನ ಮೇಲೆ ಪ್ರಯೋಗ ನಡೆಸಿ, ತೆರೆದು ಓದಿ. ಕನ್ನಡವಿದ್ದರೆ ಯುಟಿಎಫ್-8 ರೂಪದಲ್ಲಿಯೇ ಉಳಿಸಿ. ಇಲ್ಲವಾದರೆ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಉಳಿದಾವು. ಕೊನೆಗೆ ಬದಲಾದ ಸಂಖ್ಯೆ ಮೊದಲೇ ಬರೆದಿಟ್ಟ ಲೆಕ್ಕಕ್ಕೆ ತಾಳೆಯಾಗುತ್ತದೆಯೇ ನೋಡಿ.

ವರ್ಡ್ ಕಡತಗಳು ಸರಳ ಪಠ್ಯವಲ್ಲ. ಅವುಗಳನ್ನು ವರ್ಡ್‌ನಲ್ಲಿಯೇ ತೆರೆದು ತಿದ್ದುವುದು ಕ್ಷೇಮ.

ಈ ಎಚ್ಚರ ಹಳೆಯ ಮಾತಲ್ಲ. ಮದ್ದೂರಿನ ನೆರೆಯ ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡಲು ರಾಜ್ಯ ಸಚಿವ ಸಂಪುಟ 2025ರ ಮೇ ತಿಂಗಳಿನಲ್ಲಿ ಒಪ್ಪಿಗೆ ನೀಡಿತು. ಜಿಲ್ಲೆಯ ಹೆಸರು ಬದಲಾದರೂ ರಾಮನಗರ ಪಟ್ಟಣದ ಹೆಸರು ಹಾಗೆಯೇ ಉಳಿದಿದೆ. ಕಡತದ ಯಾವ ಸಾಲಿನಲ್ಲಿರುವುದು ಜಿಲ್ಲೆ, ಯಾವುದರಲ್ಲಿರುವುದು ಪಟ್ಟಣ ಎಂಬುದನ್ನು ಗಣಕಯಂತ್ರ ಹೇಳಲಾರದು. ಅದನ್ನು ಓದಿಯೇ ತಿಳಿಯಬೇಕು.