ಭಯಕ್ಕೆ ಈಜು ಮದ್ದೇ?

ಮೈಸೂರಿನ ಕುವೆಂಪುನಗರದ ಓದುಗರೊಬ್ಬರು ಕೇಳಿದ್ದಾರೆ: ‘ಮಗಳು ಒಂಬತ್ತನೇ ಕ್ಲಾಸು. ಹೋದ ವರ್ಷ ರಸ್ತೆ ಅಪಘಾತ ಆದಾಗಿನಿಂದ ಲಾರಿ ಹಾರನ್ ಕೇಳಿದರೂ ಬೆವರುತ್ತಾಳೆ, ಎದೆ ಹೊಡೆದುಕೊಳ್ಳುತ್ತೆ ಅಂತಾಳೆ. ಕೌನ್ಸೆಲಿಂಗ್ ನಡೀತಿದೆ. ಈಗ ವಾಟ್ಸಾಪಿನಲ್ಲಿ ಒಂದು ವಿಡಿಯೊ ಬಂದಿದೆ. ನೀರಲ್ಲಿ ವ್ಯಾಯಾಮ ಮಾಡಿದರೆ ವೇಗಸ್ ನರ ಆನ್ ಆಗಿ ಆತಂಕ ಹೋಗುತ್ತಂತೆ. ಸರಸ್ವತೀಪುರಂನ ಯೂನಿವರ್ಸಿಟಿ ಈಜುಕೊಳಕ್ಕೆ ಸೇರಿಸಬಹುದೇ?’

ಸೇರಿಸಿ. ಆದರೆ ವಿಡಿಯೊ ಹೇಳುವ ಕಾರಣಕ್ಕಲ್ಲ. ಕೌನ್ಸೆಲಿಂಗ್ ಬಿಡಿಸಿಯಂತೂ ಅಲ್ಲವೇ ಅಲ್ಲ.

ವೇಗಸ್ ನರ ‘ಆನ್’ ಆಗುವುದು ಎಂಬ ಮಾತೇ ತಪ್ಪು. ಅದು ಹುಟ್ಟಿದಾಗಿನಿಂದ ಕೆಲಸ ಮಾಡುತ್ತಲೇ ಇರುತ್ತದೆ. ಯಾವ ನರದ ಹಂಗೂ ಇಲ್ಲದೆ ಬಿಟ್ಟರೆ ನಮ್ಮ ಹೃದಯ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಹೃದಯ ಕಸಿ ಮಾಡಿಸಿಕೊಂಡವರಲ್ಲಿ ಇದನ್ನು ಕಾಣಬಹುದು. ಅವರ ಹೊಸ ಹೃದಯಕ್ಕೆ ನರಗಳ ಸಂಪರ್ಕ ಕಡಿದಿರುವುದರಿಂದ ಸುಮ್ಮನೆ ಕೂತಿದ್ದಾಗಲೂ ನಾಡಿ ನೂರರ ಆಸುಪಾಸಿನಲ್ಲೇ ಓಡುತ್ತದೆ. ನಿಮ್ಮ ನಾಡಿ ಎಪ್ಪತ್ತರಲ್ಲಿದ್ದರೆ ಅದನ್ನು ಅಲ್ಲಿ ಹಿಡಿದಿಟ್ಟಿರುವುದು ಮುಖ್ಯವಾಗಿ ವೇಗಸ್.

ಚಾಮುಂಡಿ ಬೆಟ್ಟದಿಂದ ಸ್ಕೂಟರಿನಲ್ಲಿ ಇಳಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಇಳಿಜಾರಿನಲ್ಲಿ ಗಾಡಿ ತಾನಾಗಿಯೇ ಓಡಲು ಕಾದಿರುತ್ತದೆ. ನೀವು ಬ್ರೇಕನ್ನು ಪೂರ್ತಿ ಹಿಡಿಯುವುದಿಲ್ಲ, ಪೂರ್ತಿ ಬಿಡುವುದೂ ಇಲ್ಲ. ಬೆರಳ ತುದಿಯಲ್ಲಿ ಒತ್ತುತ್ತ, ಸಡಿಲಿಸುತ್ತ ಇಳಿಯುತ್ತೀರಿ. ತಿರುವು ಬಂದರೆ ಒಂದಿಷ್ಟು ಹೆಚ್ಚು, ರಸ್ತೆ ನೇರವಾದರೆ ಒಂದಿಷ್ಟು ಕಡಿಮೆ. ಆರೋಗ್ಯವಂತ ಹೃದಯದ ಮೇಲೆ ವೇಗಸ್ ಮಾಡುವುದೂ ಇದನ್ನೇ. ಉಸಿರು ಎಳೆದುಕೊಂಡಾಗ ಬ್ರೇಕು ತುಸು ಸಡಿಲ, ಬಿಟ್ಟಾಗ ತುಸು ಬಿಗಿ. ಮಣಿಕಟ್ಟಿನ ನಾಡಿ ಹಿಡಿದು ನಿಧಾನವಾಗಿ ಉಸಿರಾಡಿ ನೋಡಿ, ಎಳೆಯುವಾಗ ಬಡಿತ ಚುರುಕಾಗಿ ಬಿಡುವಾಗ ನಿಧಾನವಾಗುವುದು ಬೆರಳಿಗೇ ತಿಳಿಯುತ್ತದೆ. ಮಕ್ಕಳಲ್ಲಿ ಈ ಏರಿಳಿತ ಇನ್ನೂ ಸ್ಪಷ್ಟ. ಜರ್ಮನಿಯ ಕಾರ್ಲ್ ಲುಡ್ವಿಗ್ 1847ರಲ್ಲೇ ನಾಯಿಗಳಲ್ಲಿ ಇದನ್ನು ದಾಖಲಿಸಿದ್ದ. ಆತಂಕ ಗಟ್ಟಿಯಾಗಿ ಕೂತ ದೇಹದಲ್ಲಿ ಬ್ರೇಕಿನ ಈ ನಾಜೂಕು ಕಡಿಮೆಯಾಗಿರುತ್ತದೆ. ಚಿಕ್ಕ ತಿರುವಿಗೂ ಗಾಡಿ ಕೈಮೀರಿದಂತೆ ಅನ್ನಿಸುತ್ತದೆ.

ಬ್ರೇಕು ಹೇಗೆ ಹಿಡಿಯುತ್ತದೆ ಎಂದು ಪತ್ತೆಯಾದ ಕಥೆಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಆಸ್ಟ್ರಿಯಾದ ಗ್ರಾಜ್ ಊರಿನ ಓಟ್ಟೊ ಲೇವಿ ಈಸ್ಟರ್ ಹಬ್ಬದ ಹಿಂದಿನ ರಾತ್ರಿ ಕನಸಿನಿಂದ ಎದ್ದು ಚೀಟಿಯೊಂದರಲ್ಲಿ ಏನನ್ನೋ ಗೀಚಿ ಮತ್ತೆ ಮಲಗಿದ. ಬೆಳಗ್ಗೆ ತನ್ನ ಅಕ್ಷರ ತನಗೇ ಓದಲಾಗಲಿಲ್ಲ. ಪುಣ್ಯಕ್ಕೆ ಮರುರಾತ್ರಿ ಮೂರು ಗಂಟೆಗೆ ಅದೇ ಕನಸು ಬಿತ್ತು. ಈ ಸಲ ಬರೆದಿಡುವ ಗೋಜಿಗೇ ಹೋಗದೆ ನೇರ ಪ್ರಯೋಗಾಲಯಕ್ಕೆ ಓಡಿದ. ಎರಡು ಕಪ್ಪೆಗಳ ಹೃದಯಗಳನ್ನು ಉಪ್ಪುನೀರಿನಲ್ಲಿಟ್ಟು, ಮೊದಲನೆಯದರ ವೇಗಸ್ ನರಕ್ಕೆ ವಿದ್ಯುತ್ ಮುಟ್ಟಿಸಿದ. ಬಡಿತ ಇಳಿಯಿತು. ಆ ಹೃದಯ ಮುಳುಗಿದ್ದ ದ್ರವವನ್ನು ಎರಡನೆಯದಕ್ಕೆ ಹಾಕಿದ. ನರವೇ ಮುಟ್ಟದ ಆ ಹೃದಯವೂ ನಿಧಾನವಾಯಿತು! ನರ ಹೃದಯಕ್ಕೆ ಹೇಳುವ ಮಾತು ರಾಸಾಯನಿಕ ಎಂದು ಹೀಗೆ ಸಾಬೀತಾಯಿತು. ವರದಿ 1921ರಲ್ಲಿ ಪ್ರಕಟವಾಯಿತು, ಆ ವಸ್ತು ಅಸಿಟೈಲ್‌ಕೋಲಿನ್ ಎಂದು ಆಮೇಲೆ ಗೊತ್ತಾಯಿತು, 1936ರಲ್ಲಿ ಹೆನ್ರಿ ಡೇಲ್ ಜೊತೆ ನೊಬೆಲ್ ಬಂತು. 1938ರಲ್ಲಿ ಯಹೂದಿ ಎಂಬ ಕಾರಣಕ್ಕೆ ನಾಜಿಗಳು ಲೇವಿಯನ್ನು ಬಂಧಿಸಿ, ನೊಬೆಲ್ ಹಣವನ್ನು ತಮ್ಮ ಹಿಡಿತದ ಬ್ಯಾಂಕಿಗೆ ಬರೆಸಿಕೊಂಡ ಮೇಲೆ ದೇಶ ಬಿಟ್ಟು ಹೋಗಲು ಬಿಟ್ಟರು.

ಈಗ ನೀರಿಗೆ ಇಳಿಯೋಣ. ನೀರಿನ ಒತ್ತಡ ಪ್ರತಿ ಮೀಟರ್ ಆಳಕ್ಕೆ ಪಾದರಸದ ಸುಮಾರು 74 ಮಿಲಿಮೀಟರಿನಷ್ಟು ಏರುತ್ತದೆ. ಕುತ್ತಿಗೆಮಟ್ಟ ನಿಂತವರ ಕಾಲು, ಹೊಟ್ಟೆಗಳ ರಕ್ತನಾಳಗಳನ್ನು ಆ ಒತ್ತಡ ಎಲ್ಲ ಕಡೆಯಿಂದ ಅಮುಕಿ ರಕ್ತವನ್ನು ಎದೆಯ ಕಡೆಗೆ ದಬ್ಬುತ್ತದೆ. ಸ್ವೀಡನ್ನಿನ ಆರ್ಬೊರೇಲಿಯಸ್ ತಂಡ 1972ರಲ್ಲಿ ಅಳೆದಾಗ ಹೀಗೆ ಎದೆಗೆ ಬಂದ ಹೆಚ್ಚುವರಿ ರಕ್ತ ಸುಮಾರು 700 ಮಿಲಿಲೀಟರ್. ಹೃದಯ ಪಂಪು ಮಾಡುವ ರಕ್ತ ಸುಮಾರು ಮೂರನೇ ಒಂದರಷ್ಟು ಹೆಚ್ಚಿತ್ತು. ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಸಿಗುವುದರಿಂದ ಹೃದಯಕ್ಕೆ ಅವಸರ ಬೇಕಿಲ್ಲ. (ದೇಹದಲ್ಲಿ ನೀರು ಜಾಸ್ತಿಯಾಯಿತೆಂದು ಮೂತ್ರಪಿಂಡ ತಪ್ಪು ತಿಳಿಯುವುದೂ ಇದರಿಂದಲೇ. ಕೊಳಕ್ಕಿಳಿದ ಹತ್ತು ನಿಮಿಷಕ್ಕೆ ಬಾತ್‌ರೂಮ್ ಕೇಳುವ ಮಕ್ಕಳನ್ನು ಗದರಬೇಡಿ.) ಜೊತೆಗೆ ಕುತ್ತಿಗೆಮಟ್ಟ ನೀರಿನಲ್ಲಿ ಕಾಲಿನ ಮೇಲೆ ಬೀಳುವ ದೇಹತೂಕ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನೀರು ಬೆಚ್ಚಗಿದ್ದರೆ, ಅಂದರೆ 33–35 ಡಿಗ್ರಿ ಸೆಲ್ಸಿಯಸ್ ಇದ್ದರೆ, ಬಿಗಿದ ಸ್ನಾಯುಗಳೂ ಸಡಿಲವಾಗುತ್ತವೆ.

ಇವೆಲ್ಲ ಸರಿ, ಆದರೆ ಕೊಳದಿಂದ ಎದ್ದು ಟವೆಲ್ ಸುತ್ತಿಕೊಂಡ ಸ್ವಲ್ಪ ಹೊತ್ತಿಗೆ ಇವೂ ಮುಗಿಯುತ್ತವೆ. ಆತಂಕದ ಮಗುವಿಗೆ ಉಳಿಯುವ ಲಾಭ ಬೇರೆಡೆ ಇದೆ ಎಂದು ನನ್ನ ಅನಿಸಿಕೆ. ಮೊದಲನೆಯದು ಉಸಿರು. ಈಜು ಕಲಿಯಲು ಹೋದವರಿಗೆ ಕೋಚ್ ಮೊದಲು ಹೇಳುವುದು ಕೈಕಾಲು ಬಡಿಯಲಿಕ್ಕಲ್ಲ, ಕಂಬಿ ಹಿಡಿದು ಮುಖ ಮುಳುಗಿಸಿ ಗುಳ್ಳೆ ಬಿಡಲಿಕ್ಕೆ. ಬಾಯಿಂದ ಚುಟುಕಾಗಿ ಎಳೆದುಕೊ, ನೀರೊಳಗೆ ಉದ್ದಕ್ಕೆ ಬಿಡು. ಆತಂಕದಲ್ಲಿ ಆಗುವುದು ಇದರ ಉಲ್ಟಾ: ಎಳೆದುಕೊಂಡದ್ದೇ ಎಳೆದುಕೊಂಡದ್ದು, ಪೂರ್ತಿ ಬಿಡುವುದೇ ಇಲ್ಲ. ‘ದೀರ್ಘವಾಗಿ ಉಸಿರು ಬಿಡು’ ಎಂದು ಹದಿನಾಲ್ಕರ ಹುಡುಗಿಗೆ ಕೋಣೆಯಲ್ಲಿ ಕೂರಿಸಿ ಹೇಳಿದರೆ ಆಕೆ ಕಣ್ಣು ತಿರುಗಿಸಿಯಾಳು. ಕೊಳದಲ್ಲಿ ಹಾಗಲ್ಲ, ಬಿಡದಿದ್ದರೆ ಮುಂದಿನ ಉಸಿರಿಗೆ ಜಾಗವೇ ಇಲ್ಲ. ಚಲನೆಗೂ ಉಸಿರಿಗೂ ಗಂಟು ಹಾಕುವ ಈ ಪಾಠ ಮೈಸೂರಿಗೇನು ಹೊಸದಲ್ಲ. ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ 1930ರ ದಶಕದಲ್ಲಿ ಟಿ. ಕೃಷ್ಣಮಾಚಾರ್ಯರು ಹುಡುಗರಿಗೆ ಕಲಿಸುತ್ತಿದ್ದುದು ಇದೇ ಬಗೆಯ ಶಿಸ್ತನ್ನು.

ಎರಡನೆಯದು ಇನ್ನೂ ಮುಖ್ಯ. ಆಘಾತಕ್ಕೆ ಸಿಕ್ಕಿದ ಮಗುವಿಗೆ ತನ್ನ ಎದೆಬಡಿತವೇ ಅಪಾಯದ ಗಂಟೆ. ಬಡಿತ ಏರಿದೊಡನೆ ‘ಮತ್ತೆ ಅದೇ ಆಗುತ್ತಿದೆ’ ಎಂಬ ದಿಗಿಲು, ದಿಗಿಲಿನಿಂದ ಇನ್ನಷ್ಟು ಬಡಿತ. ಈಜುವಾಗಲೂ ಎದೆ ಹೊಡೆದುಕೊಳ್ಳುತ್ತದೆ, ಏದುಸಿರು ಬರುತ್ತದೆ. ಆದರೆ ಕಾರಣ ಕಣ್ಣೆದುರೇ ಇದೆ, ಅಂಚಿಗೆ ಬಂದು ನಿಂತರೆ ತಣ್ಣಗಾಗುತ್ತದೆ. ಏರಿದ ಬಡಿತ ಇಳಿಯುತ್ತದೆ ಎಂದು ದೇಹ ತಾನೇ ಕಲಿಯುತ್ತದೆ. ಇದಕ್ಕೆ ನೀರೇ ಬೇಕೆಂದಿಲ್ಲ; ಓಟ, ಕಬಡ್ಡಿ, ಸೈಕಲ್ಲೂ ಆದೀತು. ಆದರೆ ಮೈಯ ಬಗ್ಗೆ ಸಂಕೋಚ ತುಂಬಿದ ವಯಸ್ಸಿನಲ್ಲಿ ಕುತ್ತಿಗೆವರೆಗೆ ಮುಚ್ಚಿಡುವ ನೀರು ಮೈದಾನಕ್ಕಿಂತ ಹಿತ. ಅದೇ ಹುಡುಗಿ ಈಜುಡುಗೆ ತೊಟ್ಟು ಕೊಳದ ಅಂಚಿನಲ್ಲಿ ನಡೆಯಬೇಕಾದ ಇಪ್ಪತ್ತು ಹೆಜ್ಜೆ ನರಕ. ಹೆಣ್ಣುಮಕ್ಕಳಿಗೆ ಬೇರೆ ಸಮಯ, ಮಹಿಳಾ ಕೋಚ್ ಇದ್ದಾರೆಯೇ ಎಂದು ನೀರಿನ ತಾಪಮಾನಕ್ಕಿಂತ ಮೊದಲು ವಿಚಾರಿಸಿ.

ನೀರಿನ ಚಿಕಿತ್ಸೆಯ ಹಳೆಯ ಚರಿತ್ರೆ ಓದಿದರೆ ಮೈ ನಡುಗುತ್ತದೆ. 17ನೇ ಶತಮಾನದ ಫ್ಲಾಂಡರ್ಸಿನ ವೈದ್ಯ ವಾನ್ ಹೆಲ್ಮಂಟ್, ಮನೋರೋಗಿಗಳನ್ನು ಇನ್ನೇನು ಪ್ರಾಣ ಹೋಗುತ್ತದೆ ಎನ್ನುವವರೆಗೆ ನೀರಲ್ಲಿ ಮುಳುಗಿಸಿ ಎತ್ತುವುದನ್ನೇ ಮದ್ದೆಂದು ಸಾರಿದ. ನ್ಯೂಯಾರ್ಕಿನ ಹುಚ್ಚಾಸ್ಪತ್ರೆಗೆ 1887ರಲ್ಲಿ ರೋಗಿಯ ಸೋಗು ಹಾಕಿ ಸೇರಿಕೊಂಡ ಪತ್ರಕರ್ತೆ ನೆಲ್ಲಿ ಬ್ಲೈಯ ತಲೆಯ ಮೇಲೆ ಸುರಿದದ್ದೂ ತಣ್ಣೀರೇ. ಈ ದಾರಿಯನ್ನು ತಿರುಗಿಸಿದವರಲ್ಲಿ ನನಗೆ ಮೆಚ್ಚಿನವನು ವೈದ್ಯನಲ್ಲ, ದ್ರವಬಲಗಳ ಲೆಕ್ಕ ಬಲ್ಲ ಎಂಜಿನಿಯರ್ ಜೇಮ್ಸ್ ಮೆಕ್‌ಮಿಲನ್. 1949ರಲ್ಲಿ ಲಂಡನ್ನಿನ ಹಾಲಿವಿಕ್ ಎಂಬ ಅಂಗವಿಕಲ ಹುಡುಗಿಯರ ಶಾಲೆಯಲ್ಲಿ ಆತ ಈಜು ಕಲಿಸಲು ಶುರುಮಾಡಿದ. ಟ್ಯೂಬಿಲ್ಲ, ತೇಲುವ ಬೆಂಡಿಲ್ಲ, ಒಬ್ಬ ಕಲಿಯುವವರಿಗೆ ಒಬ್ಬ ಕಲಿಸುವವರು. ಮುಂದೆ ಹತ್ತು ಹೆಜ್ಜೆಗಳ ಕ್ರಮವಾಗಿ ಬೆಳೆದ ಈ ಹಾಲಿವಿಕ್ ಪದ್ಧತಿಯ ಮೊದಲ ಹೆಜ್ಜೆಯ ಹೆಸರೇ ಮಾನಸಿಕ ಹೊಂದಾಣಿಕೆ. ಅದರೊಳಗೇ ನೀರಿಗೆ ಉಸಿರು ಊದುವ ಅಭ್ಯಾಸ. ಕೈಕಾಲಿನ ಸರದಿ ಬಹಳ ಆಮೇಲೆ. ನಮ್ಮ ಹಳ್ಳಿಗಳಲ್ಲಿ ಒಣ ಸೋರೆ ಬುರುಡೆ ಬೆನ್ನಿಗೆ ಕಟ್ಟಿ ಬಾವಿಗೆ ನೂಕಿ ಕಲಿಸುತ್ತಿದ್ದುದು ಗಟ್ಟಿ ಹುಡುಗರಿಗೆ ಆಟವಾಗಿದ್ದಿರಬಹುದು. ಹೆದರಿದ ಮಗುವಿಗೆ ಆ ನೂಕು ವಾನ್ ಹೆಲ್ಮಂಟನ ಮದ್ದೇ ಸರಿ.

ವಿಡಿಯೊಗಳ ಇನ್ನೊಂದು ಮೆಚ್ಚಿನ ಮಂತ್ರ ತಣ್ಣೀರು. ಮುಖವನ್ನು ತಣ್ಣೀರಿಗೆ ಅದ್ದಿ ಉಸಿರು ಹಿಡಿದರೆ ನಾಡಿ ಇಳಿಯುವುದು ನಿಜ. ಬಾತುಕೋಳಿಗಳಲ್ಲಿ ಪಾಲ್ ಬರ್ಟ್, ಸೀಲ್‌ಗಳಲ್ಲಿ ಪೆರ್ ಶೋಲಾಂಡರ್ ತೋರಿಸಿಕೊಟ್ಟ ಮುಳುಗು ಪ್ರತಿಕ್ರಿಯೆ ಅದು. ಆದರೆ ಇಡೀ ಮೈಯನ್ನು ಥಟ್ಟನೆ ತಣ್ಣೀರಿಗೆ ಇಳಿಸಿದಾಗ ಆಗುವುದು ತದ್ವಿರುದ್ಧ: ಗಕ್ಕನೆ ಉಸಿರು ಎಳೆತ, ಏದುಸಿರು, ಎದೆಬಡಿತ. ಪ್ಯಾನಿಕ್ ಬಂದವರಿಗೆ ಅದೇ ಪ್ಯಾನಿಕ್ಕಿನ ತದ್ರೂಪು. ತಣ್ಣೀರಿನ ಈಜಿನಿಂದ ಖಿನ್ನತೆ ಹೋಯಿತೆಂದು ಜಗತ್ತೆಲ್ಲ ಉಲ್ಲೇಖಿಸುವ 2018ರ ಬ್ರಿಟಿಷ್ ವರದಿಯಲ್ಲಿ ಇದ್ದ ರೋಗಿಗಳ ಸಂಖ್ಯೆ ಒಂದು. 24ರ ಒಬ್ಬ ಯುವತಿ! ಅದೇ ವರ್ಷ ಅಮೆರಿಕದಲ್ಲಿ ಜಸ್ಟಿನ್ ಫೈನ್‌ಸ್ಟೈನ್ ತಂಡ 50 ಜನರನ್ನು ದಟ್ಟ ಉಪ್ಪುನೀರಿನಲ್ಲಿ ಒಂದು ಗಂಟೆ ತೇಲಿಸಿ ಆತಂಕ ಇಳಿದದ್ದನ್ನು ಕಂಡಿತು. ಅಚ್ಚುಕಟ್ಟಾದ ಆರಂಭವೇ, ಆದರೆ ಅವರು ಹದಿಹರೆಯದವರಲ್ಲ, ವ್ಯಾಯಾಮವನ್ನೂ ಮಾಡಲಿಲ್ಲ. ನೀರಿನ ವ್ಯಾಯಾಮದ ಅಧ್ಯಯನಗಳು ಬಹುಪಾಲು ಮೈಕೈನೋವಿನ ವಯಸ್ಕರ ಮೇಲೆ, ವೃದ್ಧರ ಮೇಲೆ ನಡೆದಂಥವು. ಆಘಾತದ ನಂತರದ ತೊಂದರೆಗೆ ಮಕ್ಕಳಲ್ಲಿ ಗಟ್ಟಿ ಆಧಾರವಿರುವುದು ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಗೆ. ಈಜು ಅದರ ಜೊತೆಗಾರ.

ನೀರೇ ಆಘಾತವಾಗಿರುವ ಮಕ್ಕಳ ಮಾತು ಬೇರೆ. ಭಾರತದಲ್ಲಿ ವರ್ಷಕ್ಕೆ 35 ಸಾವಿರಕ್ಕೂ ಹೆಚ್ಚು ಜನ ಮುಳುಗಿ ಸಾಯುತ್ತಾರೆ. ಕಾವೇರಿ, ಕಪಿಲೆ, ನಾಲೆಗಳ ನಡುವಿನ ನಮ್ಮ ಸೀಮೆಗೆ ಇದು ಪರಕೀಯ ಸುದ್ದಿಯಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಸತ್ತರು, ಶಾಲಾಮಕ್ಕಳೂ ಸೇರಿ. ಅದೇ ವರ್ಷದ ಆಗಸ್ಟಿನಲ್ಲಿ ಕೊಡಗಿನ ಭೂಕುಸಿತ, 2024ರ ಜುಲೈ 30ರಂದು ವಯನಾಡು. ಅಂಥದ್ದನ್ನು ಕಂಡ ಮಗುವನ್ನು ‘ನೀರು ಮನಸ್ಸಿಗೆ ತಂಪು’ ಎಂದು ಕೊಳಕ್ಕೆ ಕರೆದೊಯ್ಯುವ ಮುನ್ನ ಚಿಕಿತ್ಸಕರನ್ನು ಕೇಳಲೇಬೇಕು. ಹಾಗೆಂದು ದಾರಿ ಮುಚ್ಚಿಲ್ಲ. ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನಿಗೆ ತಿಂಡಿ ತಿನ್ನುತ್ತಿರುವಾಗಲೇ ಮೊಲವನ್ನು ಸ್ವಲ್ಪಸ್ವಲ್ಪವೇ ಹತ್ತಿರ ತಂದು ಭಯ ಬಿಡಿಸಿದ್ದನ್ನು ಮೇರಿ ಕವರ್ ಜೋನ್ಸ್ 1924ರಲ್ಲಿ ವರದಿ ಮಾಡಿದಳು. ಅಳತೆಯಲ್ಲಿ, ಮಗುವಿನ ಒಪ್ಪಿಗೆಯಲ್ಲಿ, ಹೆಜ್ಜೆಹೆಜ್ಜೆಯಾಗಿ. ಬೆಂಗಳೂರಿನ ಈಜುಗಾರ್ತಿ ನಿಶಾ ಮಿಲೆಟ್ ಐದನೇ ವಯಸ್ಸಿನಲ್ಲಿ ಮುಳುಗುತ್ತಿದ್ದವರು ಬದುಕುಳಿದರು. ಆ ಭಯ ಹೋಗಲೆಂದೇ ತಂದೆ ಈಜು ಕಲಿಸಿದರು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಭಾರತದ ಪರ ಈಜಿದವರು ಅವರೇ.

ದೈಹಿಕವಾಗಿ ನೊಂದ ಅಥವಾ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳನ್ನು ಕಲಿಸುವವರು ಹಿಡಿದು ತೇಲಿಸುವ ಮುನ್ನ ಪ್ರತಿ ಸಲವೂ ಕೇಳಿ ಮುಟ್ಟಬೇಕು. ಮೂರ್ಛೆರೋಗ ಇರುವವರು, ಮಾತ್ರೆ ತೆಗೆದುಕೊಳ್ಳುತ್ತಿರುವವರು ವೈದ್ಯರಿಗೆ ತಿಳಿಸಿಯೇ ಇಳಿಯಲಿ. ನೀರಡಿ ಉಸಿರು ಹಿಡಿಯುವ ಪಂದ್ಯ ಯಾರಿಗೂ ಬೇಡ.

ನಿಮ್ಹಾನ್ಸ್ ಮುನ್ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17ರ ವಯಸ್ಸಿನವರಲ್ಲಿ ಶೇ 7.3 ಮಂದಿಗೆ ಮಾನಸಿಕ ತೊಂದರೆಯಿದೆ. ಇಷ್ಟೊಂದು ಮಕ್ಕಳಿರುವಾಗ ನೀರಿನ ವ್ಯಾಯಾಮದ ಗುಣ ನಿಜವಾಗಿ ಎಷ್ಟು ಎಂದು ಅಳೆಯಲು ಮೈಸೂರಿಗಿಂತ ಒಳ್ಳೆಯ ಊರು ಸಿಗಲಿಕ್ಕಿಲ್ಲ. ಮಹಾರಾಜ ಕಾಲೇಜಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರ ಕಾಲದಿಂದ, ಅಂದರೆ 1924ರಿಂದ, ಮನಶ್ಶಾಸ್ತ್ರ ವಿಭಾಗವಿದೆ. ಅಷ್ಟೇ ಹಳೆಯ ಮೆಡಿಕಲ್ ಕಾಲೇಜಿದೆ, ಸರ್ಕಾರಿ ಪ್ರಕೃತಿ ಚಿಕಿತ್ಸಾ ಕಾಲೇಜಿದೆ, ವಿಶ್ವವಿದ್ಯಾಲಯದ್ದೇ ಈಜುಕೊಳವಿದೆ. ಚೀಟಿ ಎತ್ತಿ ಅರ್ಧ ಮಕ್ಕಳನ್ನು ಕೊಳಕ್ಕೆ, ಇನ್ನರ್ಧವನ್ನು ಅಷ್ಟೇ ಹೊತ್ತು, ಅಷ್ಟೇ ಅಕ್ಕರೆಯ ಮೇಷ್ಟ್ರ ಜೊತೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬಿರುಸು ನಡಿಗೆಗೆ ಕಳಿಸಿ ಆರು ತಿಂಗಳು ನೋಡಿದರೆ, ಗುಣ ನೀರಿನದೋ, ವ್ಯಾಯಾಮದ್ದೋ, ಮೇಷ್ಟ್ರದ್ದೋ ಎಂಬುದು ಬಯಲಾಗುತ್ತದೆ. ಯಾರಾದರೂ ಸಂಶೋಧಕರು ಇದನ್ನು ಕೈಗೆತ್ತಿಕೊಳ್ಳಲಿ.

ಕುವೆಂಪುನಗರದ ತಾಯಿಗೆ: ಕೌನ್ಸೆಲರ್ ಅವರನ್ನು ಕೇಳಿ, ಬಿಸಿಲೇರಿದ ಹೊತ್ತಿನ ಬ್ಯಾಚು ಹಿಡಿಯಿರಿ, ಮೊದಲ ವಾರ ಮಗಳು ಬರೀ ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟರೂ ಸಾಕು. ನಡುರಾತ್ರಿ ಆತಂಕ ಕೈಮೀರಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.