ರೊಟ್ಟಿಯ ಬಳಗ

ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳು ಊಟಕ್ಕೆ ಕುಳಿತಾಗ ಅವರ ಸಾಲುಗಳ ನಡುವೆ ಒಮ್ಮೆ ಸುಳಿದು ಬರುವುದು ನಮ್ಮ ರೂಢಿ. ಒಂದು ದಿನ ಒಬ್ಬ ಬಾಲಕನು ಡಬ್ಬಿಯ ಮುಚ್ಚಳವನ್ನು ಅರ್ಧ ಮಾತ್ರ ಸರಿಸಿ, ಒಳಗಿನ ಜೋಳದ ರೊಟ್ಟಿಯನ್ನು ಅಂಗೈಯಿಂದ ಮರೆಮಾಡಿ ಉಣ್ಣುತ್ತಿದ್ದುದನ್ನು ಕಂಡೆವು. ಪಕ್ಕದವನ ಡಬ್ಬಿಯಲ್ಲಿ ಅಂಗಡಿಯ ಬ್ರೆಡ್ಡು ಇತ್ತು. ತಾಯಿ ನಸುಕಿನಲ್ಲೆದ್ದು ಬಡಿದ ರೊಟ್ಟಿಗೆ ಮಗನು ನಾಚಬೇಕೇ? ಅಂದು ಆ ಬಾಲಕನಿಗೆ ಹೇಳಲಾಗದ ಮಾತನ್ನು ಇಲ್ಲಿ ಹೇಳುತ್ತಿದ್ದೇವೆ.

ನಮ್ಮ ನೇಸರಿಯು ಎರಡು ಊಟಗಳ ಗಡಿಯಲ್ಲಿದೆ. ಪಡುವಣದ ಆಜರೆಯ ಕಡೆ ಘನಸಾಳ ಅಕ್ಕಿಯ ಅನ್ನದ ಕಂಪು. ಗಡಹಿಂಗ್ಲಜ, ಸಂಕೇಶ್ವರಗಳ ಕಡೆ ರೊಟ್ಟಿ ಬಡಿಯುವ ಸಪ್ಪಳ. ಕನ್ನಡದ ಮನೆಯಲ್ಲಿ ಅದು ರೊಟ್ಟಿ, ಮರಾಠಿಯ ಮನೆಯಲ್ಲಿ ಭಾಕರಿ. ಹಿಟ್ಟೂ ಒಂದೇ, ಹಂಚೂ ಒಂದೇ.

ರೊಟ್ಟಿಯ ಕೆಲಸ ಸುಲಭವಾದುದು, ಆದರೆ ಮರ್ಮವನ್ನರಿತಿರಬೇಕು. ಗೋದಿಯಲ್ಲಿ ಗ್ಲುಟೆನ್ ಎಂಬ ಅಂಟಿನ ಅಂಶವಿರುವುದರಿಂದ ತಣ್ಣೀರಿನಲ್ಲಿ ನಾದಿದರೂ ಹಿಟ್ಟು ಕೂಡಿಕೊಳ್ಳುತ್ತದೆ. ಜೋಳದಲ್ಲಿ ಅದಿಲ್ಲ. ಆದುದರಿಂದಲೇ ನಮ್ಮ ತಾಯಂದಿರು ಕುದಿಯುವ ಎಸರನ್ನು ಹಿಟ್ಟಿಗೆ ಸುರಿಯುತ್ತಾರೆ. ಬಿಸಿಗೆ ಪಿಷ್ಟವು ಅರಳಿ ಜಿಗಿ ಬರುತ್ತದೆ. ಕೈ ತಾಳುವಷ್ಟು ಆರಿದ ಮೇಲೆ ಚೆನ್ನಾಗಿ ನಾದಿ, ತೆಳ್ಳಗೆ ಬಡಿದು, ಕಾದ ಹಂಚಿನ ಮೇಲೆ ಹಾಕಿ, ಮೇಲ್ಮೈಗೆ ನೀರು ಸವರಬೇಕು. ನೀರು ಆರಿದೊಡನೆ ತಿರುವಿ ಹಾಕಿದರೆ ರೊಟ್ಟಿ ಉಬ್ಬುತ್ತದೆ.

ಇನ್ನು ಸಮುದ್ರಗಳಾಚೆಯ ಮೆಕ್ಸಿಕೊ ದೇಶವನ್ನು ನೋಡೋಣ. ಅಲ್ಲಿಯ ತಾಯಂದಿರು ಗೋವಿನಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯೆಲ್ಲ ನೆನೆಯಿಟ್ಟು, ತೊಳೆದು ಅರೆದು, ಕೈಯಿಂದ ತಟ್ಟಿ, ‘ಕೊಮಾಲ್’ ಎಂಬ ಹಂಚಿನ ಮೇಲೆ ಸುಡುತ್ತಾರೆ. ಅದರ ಹೆಸರು ತೊರ್ತಿಯಾ. ಆ ಸುಣ್ಣವು ಕಾಳಿನಲ್ಲಿ ಅಡಗಿರುವ ನಿಯಾಸಿನ್ ಎಂಬ ಜೀವಸತ್ವವನ್ನು ಬಿಡಿಸಿಕೊಡುತ್ತದೆ. ಯುರೋಪಿನವರು ಗೋವಿನಜೋಳವನ್ನು ಒಯ್ದರು, ಸುಣ್ಣದ ಪದ್ಧತಿಯನ್ನು ಒಯ್ಯಲಿಲ್ಲ. ಅದೊಂದನ್ನೇ ಉಂಡ ಇಟಲಿ, ಸ್ಪೇನಿನ ಬಡವರಿಗೆ 18ನೆಯ ಶತಮಾನದಿಂದ ಪೆಲ್ಲಾಗ್ರ ಎಂಬ ರೋಗ ತಗಲಿತು. ಚರ್ಮ ಬಿರಿಯಿತು, ಬುದ್ಧಿ ಭ್ರಮಿಸಿತು.

ಈ ಪಾಠ ನಮಗೂ ಉಂಟು. ದಖ್ಖನಿನಲ್ಲಿ ಹೆಚ್ಚಾಗಿ ಜೋಳವನ್ನೇ ಉಣ್ಣುವ ಬಡವರಲ್ಲಿಯೂ ಇದೇ ರೋಗ ಕಾಣುವುದನ್ನು ಹೈದರಾಬಾದಿನ ಸಂಶೋಧಕರಾದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಾಂತಿಯ ಅವರು 1960ರಲ್ಲಿ ವರದಿ ಮಾಡಿದರು. ದೋಷವು ರೊಟ್ಟಿಯದಲ್ಲ, ಒಂಟಿ ರೊಟ್ಟಿಯದು. ಮೆಕ್ಸಿಕೊದವರು ತೊರ್ತಿಯಾದೊಡನೆ ಅವರೆಯ ಜಾತಿಯ ಕಾಳುಗಳನ್ನು ಉಣ್ಣುವಂತೆ ನಮ್ಮ ಹಿರಿಯರೂ ರೊಟ್ಟಿಗೆ ಝುಣಕ, ಮಡಕಿಕಾಳು, ಸೇಂಗಾ ಚಟ್ನಿ, ಮೊಸರುಗಳನ್ನು ಜೊತೆ ಮಾಡಿದ್ದಾರೆ. ಧಾನ್ಯದಲ್ಲಿ ಕೊರತೆಯಾದ ಸತ್ವವನ್ನು ಬೇಳೆಕಾಳು ತುಂಬಿಕೊಡುತ್ತದೆ.

ಝುಣಕಕ್ಕೆ ಕಾಲು ಗಂಟೆ ಸಾಕು. ಒಂದು ಬಟ್ಟಲು ಕಡಲೆಹಿಟ್ಟನ್ನು ಎರಡು ಬಟ್ಟಲು ನೀರಿನಲ್ಲಿ ಗಂಟಿಲ್ಲದಂತೆ ಕಲಸಿಡಿರಿ. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಅರಿಸಿನಗಳ ಒಗ್ಗರಣೆ ಮಾಡಿ, ಉಪ್ಪು ಬೆರೆಸಿ, ಹಿಟ್ಟಿನ ನೀರನ್ನು ಸುರಿದು ಬಿಡದೆ ತಿರುವಿರಿ. ಗಟ್ಟಿಯಾದೊಡನೆ ಮುಚ್ಚಿ, ಸಣ್ಣ ಉರಿಯಲ್ಲಿ ಐದು ನಿಮಿಷ ಬೇಯಿಸಿರಿ.

ಮೆಕ್ಸಿಕೊದ ರುಚಿ ಬೇಕೆಂದರೆ ಮೊಳಕೆಯೊಡೆದ ಮಡಕಿಕಾಳನ್ನು ಬೇಯಿಸಿ, ಹೆಚ್ಚಿದ ಉಳ್ಳಾಗಡ್ಡಿ, ಟೊಮೇಟೊ, ಕೊತ್ತಂಬರಿ, ಲಿಂಬೆರಸ ಬೆರೆಸಿ, ಬಿಸಿಯಾದ ಮೆತ್ತನೆಯ ರೊಟ್ಟಿಯಲ್ಲಿ ಮಡಿಸಿ ಕೊಡಿರಿ. ಬೇರೆ ಪಾತ್ರೆ ಬೇಡ, ಬೇರೆ ಖರ್ಚೂ ಇಲ್ಲ.

ಬಳಗವು ಇಷ್ಟಕ್ಕೇ ಮುಗಿಯಲಿಲ್ಲ. ಇಥಿಯೋಪಿಯದವರು ‘ತೆಫ್’ ಎಂಬ ಕಿರುಧಾನ್ಯದ ಹಿಟ್ಟನ್ನು ಹುಳಿಯಿಸಿ ನಮ್ಮ ದೋಸೆಯಂತೆಯೇ ಹಂಚಿನ ಮೇಲೆ ಹೊಯ್ಯುತ್ತಾರೆ; ಅದು ಇಂಜೆರಾ. ಅಡಿಗೆಯನ್ನು ವಿದ್ಯೆಯೆಂದು ಗೌರವಿಸಿದ ನಾಡು ನಮ್ಮದು. 16ನೆಯ ಶತಮಾನದ ಆರಂಭದಲ್ಲಿಯೇ ಮಂಗರಸನು ‘ಸೂಪಶಾಸ್ತ್ರ’ವನ್ನು ಕನ್ನಡ ಪದ್ಯದಲ್ಲಿ ಬರೆದನು. ಆದರೆ ಗಡಹಿಂಗ್ಲಜದ ಪೇಟೆಗೆ ಹೆಸರು ತಂದ ಸಂಕೇಶ್ವರಿ ಮೆಣಸಿನಕಾಯಿಯ ಮೂಲವು ಅಮೇರಿಕ ಖಂಡ, ಸೇಂಗೆಯದೂ ಅದೇ. ಮೊದಲು ನಮಗೆ ಖಾರವೆಂದರೆ ಕರಿಮೆಣಸು. ಹೊಸದಾಗಿ ಬಂದ ಕಾಯಿಗೆ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು ಕನ್ನಡವು ಅದನ್ನು ಮನೆಯೊಳಗೆ ಕರೆದುಕೊಂಡಿತು.

ಹೀಗೆ ಪರರಿಂದ ಬಂದುದನ್ನು ನಾವು ತಳ್ಳಿಲ್ಲ. ನಮ್ಮದನ್ನು ಬಿಡುವ ಕಾರಣವೂ ಇಲ್ಲ. ಬ್ರೆಡ್ಡು ತಿನ್ನುವವನು ತಿನ್ನಲಿ. ನಮ್ಮ ಬಾಲಕನು ಮಾತ್ರ ನಾಳೆ ಡಬ್ಬಿಯ ಮುಚ್ಚಳವನ್ನು ಪೂರ್ತಿ ತೆರೆಯಲಿ. ಅರ್ಧ ರೊಟ್ಟಿ ಮುರಿದು ಪಕ್ಕದವನಿಗೂ ಕೊಡಲಿ.